2014ರ ಕಂಪ್ಯೂಟರ್, ವಿಂಡೋಸ್ 11 ಮತ್ತು ನುಡಿ ಕಡತಗಳು: ಅಪ್‌ಗ್ರೇಡ್ ಅರ್ಧಕ್ಕೆ ನಿಂತಾಗ ಏನು ಮಾಡಬೇಕು?

ಪ್ರಶ್ನೆ: ಬೆಂಗಳೂರಿನ ಹನುಮಂತನಗರದಲ್ಲಿ ಚಿಕ್ಕದೊಂದು ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಕರಪತ್ರ ಮಾಡಿಕೊಡುವುದು ನನ್ನ ಜೀವನೋಪಾಯ. ನನ್ನದು 2014ರಲ್ಲಿ ಕೊಂಡ ಡೆಸ್ಕ್‌ಟಾಪ್. ಕೋರ್ ಐ3-4130 ಪ್ರೊಸೆಸರ್, 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್ ಇವೆ. ವಿಂಡೋಸ್ 7 ಇದ್ದದ್ದನ್ನು ಹಿಂದೆ 10ಕ್ಕೆ ಏರಿಸಿದ್ದೆ. ಕಳೆದ ತಿಂಗಳು ರಿಪೇರಿಯ ಹುಡುಗನೊಬ್ಬ ‘ನಿಮ್ಮ ಸಿಸ್ಟಮ್ 11ನ್ನು ಒಪ್ಪುವುದಿಲ್ಲ, ಆದರೂ ಅರ್ಹತೆಯ ತಪಾಸಣೆಯನ್ನು ಬೈಪಾಸ್ ಮಾಡಿ ಹಾಕುತ್ತೇನೆ’ ಎಂದು ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಮೊದಲ ರೀಸ್ಟಾರ್ಟ್ ಆದ ಸ್ವಲ್ಪ ಹೊತ್ತಿಗೆ ನಿಂತು, ತಾನೇ ಹಿಂದಿನ ಸ್ಥಿತಿಗೆ ಮರಳಿತು. ಪರದೆಯ ಮೇಲೆ 0ಎಕ್ಸ್‌ಸಿ1900101 - 0ಎಕ್ಸ್20017 ಎಂದು ಬಂದಿತ್ತು. ಈಗ ಆತ ಪೂರ್ತಿ ಫಾರ್ಮ್ಯಾಟ್ ಮಾಡೋಣ ಎನ್ನುತ್ತಾನೆ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹತ್ತು ವರ್ಷಗಳ ಕೆಲಸ ಅದರಲ್ಲಿದೆ, ನನಗೆ ಭಯ. ಜೊತೆಗೆ ಆತ ಏನೋ ಸರಿಪಡಿಸಿದ ಮೇಲೆ, ನುಡಿ ನೋಟ್‌ಪ್ಯಾಡಿನಲ್ಲಿ ಕನ್ನಡ ಮೂಡಿಸುತ್ತದೆ, ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ ಮಾತ್ರ ಇಂಗ್ಲಿಷ್ ಬರುತ್ತದೆ. ದಾರಿ ತೋರಿಸಿ.

ಉತ್ತರ: ಫಾರ್ಮ್ಯಾಟ್ ಮಾಡಲು ಸದ್ಯಕ್ಕೆ ಒಪ್ಪಬೇಡಿ, ನಾಲ್ಕನೆಯ ಸಲ ಅಪ್‌ಗ್ರೇಡ್ ಮಾಡಲೂ ಬಿಡಬೇಡಿ. ಮೂರು ಸಲವೂ ಒಂದೇ ಜಾಗದಲ್ಲಿ ನಿಂತಿದೆ ಎಂದರೆ ಕಾರಣವೂ ಒಂದೇ ಇರಬೇಕು. ಆ ಕಾರಣ ಎಲ್ಲಿದೆ ಎಂಬುದನ್ನು ಪರದೆಯ ಮೇಲಿನ ಸಂಖ್ಯೆಗಳು ಅರ್ಧಕ್ಕಿಂತ ಹೆಚ್ಚು ಹೇಳಿಬಿಟ್ಟಿವೆ. ನೀವು ಅವನ್ನು ಗುರುತು ಹಾಕಿಕೊಂಡು ಕಳುಹಿಸಿದ್ದು ಬಹಳ ಉಪಕಾರವಾಯಿತು. ಹೆಚ್ಚಿನವರು ‘ಏನೋ ಎರರ್ ಬಂತು’ ಎಂದಷ್ಟೇ ಬರೆಯುತ್ತಾರೆ.

ಈ ಸಂಖ್ಯೆಗಳನ್ನು ಓದುವ ಬಗೆ ಹೀಗೆ. ಮೊದಲ ಭಾಗ, ಅಂದರೆ ಸಿ1900101 ಎಂಬುದು, ಅಪ್‌ಗ್ರೇಡ್ ಹಿಂದಕ್ಕೆ ಸರಿದಿದೆ ಮತ್ತು ಬಹುಮಟ್ಟಿಗೆ ಯಾವುದೋ ಡ್ರೈವರ್ (ಬಿಡಿಭಾಗವೊಂದನ್ನು ನಡೆಸುವ ಪುಟ್ಟ ತಂತ್ರಾಂಶ) ಅದಕ್ಕೆ ಕಾರಣ ಎನ್ನುತ್ತದೆ. ಅದಕ್ಕಿಂತ ಎರಡನೆಯ ಭಾಗ ಹೆಚ್ಚು ಉಪಯುಕ್ತ. ಅಲ್ಲಿ ಎಕ್ಸ್ ಅಕ್ಷರದ ನಂತರ ಬರುವ ಮೊದಲ ಅಂಕಿ ಅಪ್‌ಗ್ರೇಡ್ ಯಾವ ಹಂತದಲ್ಲಿ ಮುಗ್ಗರಿಸಿತು ಎಂಬುದನ್ನು ತೋರಿಸುತ್ತದೆ. ವಿಂಡೋಸ್ ಅಪ್‌ಗ್ರೇಡಿಗೆ ನಾಲ್ಕು ಹಂತಗಳಿವೆ. ಒಂದನೆಯದರಲ್ಲಿ ಹಳೆಯ ವಿಂಡೋಸ್ ಇನ್ನೂ ನಡೆಯುತ್ತಿರುವಾಗಲೇ ಹೊಸದರ ಕಡತಗಳು ಡಿಸ್ಕಿಗೆ ಬಂದು ಕೂರುತ್ತವೆ. ಎರಡನೆಯದರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ಹಳೆಯದೂ ಅಲ್ಲದ ಹೊಸದೂ ಅಲ್ಲದ ಒಂದು ಪುಟ್ಟ ತಾತ್ಕಾಲಿಕ ವಿಂಡೋಸಿನೊಳಗೆ ನಿಂತು ಅದಲುಬದಲಿನ ಕೆಲಸ ಮಾಡುತ್ತದೆ. ಮೂರನೆಯದು ಹೊಸ ವಿಂಡೋಸ್ ಮೊದಲ ಬಾರಿ ಎದ್ದು ಡ್ರೈವರುಗಳನ್ನು ಕೂರಿಸಿಕೊಳ್ಳುವ ಹಂತ. ನಾಲ್ಕನೆಯದರಲ್ಲಿ ಬಳಕೆದಾರರ ಖಾತೆ ಮತ್ತು ಸೆಟ್ಟಿಂಗುಗಳು ಹೊಸ ಮನೆಗೆ ಬರುತ್ತವೆ. ನಿಮ್ಮಲ್ಲಿ ಬಂದದ್ದು 20017. ಮೊದಲ ಅಂಕಿ ಎರಡು. ಅಂದರೆ ಆ ತಾತ್ಕಾಲಿಕ ವಿಂಡೋಸ್ ನಿಮ್ಮ ಯಂತ್ರದಲ್ಲಿ ಸರಿಯಾಗಿ ಎದ್ದೇಳಲಿಲ್ಲ.

ಇದರಿಂದ ಎರಡು ಸಂಗತಿಗಳು ಖಚಿತವಾಗುತ್ತವೆ. ವಿಂಡೋಸ್ 11 ಕೇವಲ 64 ಬಿಟ್‌ನಲ್ಲಿ ಬರುತ್ತದೆ, 32 ಬಿಟ್ ವಿಂಡೋಸಿನ ಒಳಗಿಂದ ಅದರ ಸೆಟಪ್ ನಡೆಯುವುದೇ ಇಲ್ಲ. ಆದ್ದರಿಂದ ಎರಡನೆಯ ಹಂತದವರೆಗೆ ಬಂದಿರುವ ನಿಮ್ಮ ವಿಂಡೋಸ್ 10 ಈಗಾಗಲೇ 64 ಬಿಟ್‌ನದು. ಇನ್ನೊಂದು, ನಿಮ್ಮ ಕಡತಗಳಾಗಲಿ, ನುಡಿಯಾಗಲಿ, ಪೇಜ್‌ಮೇಕರ್ ಆಗಲಿ ಈ ಸೋಲಿಗೆ ಕಾರಣವಲ್ಲ. ಅವುಗಳ ಸರದಿ ಬರುವುದು ಆಮೇಲಿನ ಹಂತಗಳಲ್ಲಿ. ಎರಡನೆಯ ಹಂತದ ಬೂಟ್, ಅಂದರೆ ಎದ್ದೇಳುವ ಕೆಲಸ, ನಿಲ್ಲುವುದು ಸಾಮಾನ್ಯವಾಗಿ ಡಿಸ್ಕ್, ಡಿಸ್ಕಿನ ನಿಯಂತ್ರಕದ ಡ್ರೈವರ್, ಹಳೆಯ ಬಯೋಸ್ (ಕಂಪ್ಯೂಟರ್ ಹಾಕಿದೊಡನೆ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶ), ಆಂಟಿವೈರಸ್ಸಿನ ಆಳದ ಡ್ರೈವರುಗಳು, ಇಲ್ಲವೇ ಯುಎಸ್‌ಬಿಗೆ ಚುಚ್ಚಿಟ್ಟ ಸಾಧನಗಳ ದೆಸೆಯಿಂದ. ಫಾರ್ಮ್ಯಾಟ್ ಮಾಡಿದರೆ ಇವುಗಳಲ್ಲಿ ಹಳೆಯ ಡ್ರೈವರ್ ಮತ್ತು ಆಂಟಿವೈರಸ್ ಮಾತ್ರ ತೊಲಗುತ್ತವೆ. ಡಿಸ್ಕ್ ಸವೆದಿದ್ದರೆ ಫಾರ್ಮ್ಯಾಟಿನಿಂದ ನಿಮ್ಮ ಹತ್ತು ವರ್ಷದ ಕೆಲಸ ಹೋಗುತ್ತದೆ, ತೊಂದರೆ ಅಲ್ಲೇ ಉಳಿಯುತ್ತದೆ.

ಆದ್ದರಿಂದ ಮೊದಲು ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದರೆ ಎಡಗಡೆ ಮೂಲೆಯಲ್ಲಿ ಒಂದು ಚೌಕ ಕಾಣುತ್ತದೆ. ಅದು ನೀಲಿಯಾಗಿ ‘ಗುಡ್’ ಎಂದಿದ್ದರೆ ಸರಿ. ಹಳದಿಯಾಗಿ ‘ಕಾಷನ್’ ಎಂದಿದ್ದರೆ ಆ ಕ್ಷಣದಿಂದ ಬ್ಯಾಕಪ್ ಬಿಟ್ಟು ಬೇರೆ ಯಾವ ಕೆಲಸವನ್ನೂ ಆ ಡಿಸ್ಕಿನ ಮೇಲೆ ಮಾಡಬೇಡಿ. ಕೆಳಗಿನ ಪಟ್ಟಿಯಲ್ಲಿ 05 ಮತ್ತು ಸಿ5 ಎಂಬ ಎರಡು ಸಾಲುಗಳನ್ನು ವಿಶೇಷವಾಗಿ ಗಮನಿಸಿ. ಕೆಟ್ಟುಹೋಗಿ ಬದಲಿ ಜಾಗಕ್ಕೆ ಸರಿಸಿದ ಸೆಕ್ಟರುಗಳ, ಅಂದರೆ ಡಿಸ್ಕಿನ ಪುಟ್ಟ ತುಣುಕುಗಳ, ಲೆಕ್ಕ ಮೊದಲನೆಯದರಲ್ಲಿ ಸಿಗುತ್ತದೆ. ಓದಲು ಕಷ್ಟವಾಗಿ ತೀರ್ಮಾನ ಬಾಕಿ ಇರುವ ಸೆಕ್ಟರುಗಳ ಲೆಕ್ಕ ಎರಡನೆಯದರಲ್ಲಿರುತ್ತದೆ. ಸಿ5 ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ನಾನು ಆ ಡಿಸ್ಕಿನ ಮೇಲೆ ಅಪ್‌ಗ್ರೇಡ್ ಮಾಡುವುದಿಲ್ಲ. ಹನ್ನೊಂದು ಹನ್ನೆರಡು ವರ್ಷ ದಿನವೂ ತಿರುಗಿದ ಡಿಸ್ಕ್ ದಣಿದಿದ್ದರೆ ಆಶ್ಚರ್ಯವಿಲ್ಲ. ‘ಚೆಕ್ ಡಿಸ್ಕ್’ ಓಡಿಸಿ ಸರಿಮಾಡೋಣ ಎಂದು ಯಾರಾದರೂ ಹೇಳಬಹುದು. ಅದು ಕಡತ ವ್ಯವಸ್ಥೆಯ ದೋಷಗಳನ್ನು ತಿದ್ದುತ್ತದೆಯೇ ಹೊರತು ಸವೆದ ಡಿಸ್ಕನ್ನು ಹೊಸದಾಗಿಸುವುದಿಲ್ಲ. ಬದಲಿಗೆ ಗಂಟೆಗಟ್ಟಲೆ ಓದಿಸಿ ಇನ್ನಷ್ಟು ದಣಿಸುತ್ತದೆ. ಬ್ಯಾಕಪ್ ಆಗುವವರೆಗೆ ಅದರ ಸಹವಾಸ ಬೇಡ.

ಬ್ಯಾಕಪ್ ಎಂದಾಗ ಹೆಚ್ಚಿನವರು ಡಿ ಡ್ರೈವಿನ ಫೋಲ್ಡರುಗಳನ್ನು ಮಾತ್ರ ನಕಲು ಮಾಡಿಕೊಳ್ಳುತ್ತಾರೆ. ಕನ್ನಡ ಡಿಟಿಪಿಯವರಿಗೆ ಅಷ್ಟು ಸಾಲದು. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಕಳೆದುಕೊಂಡವರನ್ನು ನಾನು ಹಲವು ಸಲ ನೋಡಿದ್ದೇನೆ.

ನುಡಿಯ ಹಳೆಯ ಬಗೆಯ ಫಾಂಟುಗಳಲ್ಲಿ, ಅಂದರೆ ನೀವು ಪೇಜ್‌ಮೇಕರಿನಲ್ಲಿ ಬಳಸುವ ‘ನುಡಿ 01 ಇ’ಯಂಥವುಗಳಲ್ಲಿ, ಕಡತದೊಳಗೆ ಇರುವುದು ನಿಜವಾಗಿ ಕನ್ನಡ ಅಕ್ಷರಗಳಲ್ಲ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಫಾಂಟ್ ತೆಗೆದುಬಿಟ್ಟು ಅದೇ ಕಡತ ತೆರೆದರೆ ಅಲ್ಲಿ ಏಳು ಚಿಹ್ನೆಗಳು ಕಾಣುತ್ತವೆ: ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಬರವಣಿಗೆಯ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಅದೇ ಎ. ಆ ಓರೆಗೆರೆಯ ಎ ಇರುವ ಕಡೆಯೆಲ್ಲ ಫಾಂಟ್ ನಮ್ಮ ತಲೆಕಟ್ಟನ್ನು ಬರೆಯುತ್ತದೆ, ಜೋಡಿ ಎಸ್ ಇರುವಲ್ಲಿ ನ ಒತ್ತನ್ನು ಬರೆಯುತ್ತದೆ. ಕಣ್ಣಿಗೆ ಕನ್ನಡವಾಗಿ ಕಾಣುವುದೆಲ್ಲ ಫಾಂಟಿನ ಕೈಚಳಕ. ಆದ್ದರಿಂದ ಫಾರ್ಮ್ಯಾಟ್ ಆಗಿ ಆ ಫಾಂಟ್ ಹೋದರೆ ಕಡತ ಸುರಕ್ಷಿತವಾಗಿದ್ದರೂ ಓದಲು ಬಾರದ ಚಿಹ್ನೆಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ಹಾಗೆ ಕಂಡಾಗ ‘ಫೈಲ್ ಕೆಟ್ಟುಹೋಗಿದೆ’ ಎಂದು ಅಳಿಸಿಬಿಟ್ಟವರಿದ್ದಾರೆ. ಫಾಂಟ್ ಮರಳಿ ಹಾಕಿದ್ದರೆ ಅದು ಎಂದಿನಂತೆಯೇ ಕಾಣುತ್ತಿತ್ತು.

ನೀವು ನಕಲು ಮಾಡಿಕೊಳ್ಳಬೇಕಾದವು ಇವು. ಸಿ ಡ್ರೈವಿನಲ್ಲಿ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರನ್ನು ತೆರೆದು, ನುಡಿಯ ಎಲ್ಲ ಫಾಂಟುಗಳನ್ನೂ, ಬರಹ ಅಥವಾ ಶ್ರೀಲಿಪಿ ತಂತ್ರಾಂಶ ಬಳಸಿದ್ದರೆ ಅವುಗಳ ಫಾಂಟುಗಳನ್ನೂ ಹೊರಗಿನ ಡಿಸ್ಕಿಗೆ ಹಾಕಿ. ನೀವು ಬಳಸುತ್ತಿರುವ ಆವೃತ್ತಿಯದೇ ನುಡಿ ಇನ್‌ಸ್ಟಾಲರ್, ಪೇಜ್‌ಮೇಕರಿನ ಸಿಡಿ ಮತ್ತು ಅದರ ಸೀರಿಯಲ್ ಸಂಖ್ಯೆ, ಪ್ರಿಂಟರಿನ ಡ್ರೈವರ್ ಕೈಯಲ್ಲಿವೆಯೇ ನೋಡಿಕೊಳ್ಳಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಇವೆಲ್ಲ ಸಿ ಡ್ರೈವಿನಲ್ಲಿವೆ ಎಂಬುದು ಮರೆಯದಿರಲಿ. ಗಿರಾಕಿಗಳು ಕಳುಹಿಸಿದ ಫೋಟೋಗಳು ಬಹುಪಾಲು ಡೌನ್‌ಲೋಡ್ಸ್‌ನಲ್ಲೇ ಬಿದ್ದಿರುತ್ತವೆ. ಜಿಎಸ್‌ಟಿಗಾಗಿ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ ಅದರ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಕೊನೆಯಲ್ಲಿ, ನಕಲು ಮಾಡಿದ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ ನಾಲ್ಕೈದು ಕಡತಗಳನ್ನು ತೆರೆದು ನೋಡಿದ ಮೇಲೆಯೇ ಬ್ಯಾಕಪ್ ಆಯಿತು ಎಂದು ಭಾವಿಸಿ.

ಡಿಸ್ಕ್ ನೀಲಿಯಾಗಿದ್ದು ಬ್ಯಾಕಪ್ಪೂ ಆಯಿತು ಎಂದಿಟ್ಟುಕೊಳ್ಳೋಣ. ಆಗ ಕಂಪ್ಯೂಟರಿನ ಗಡಿಯಾರ ನೋಡಿ. ಬೆಳಿಗ್ಗೆ ಮೇನ್ ಸ್ವಿಚ್ ಹಾಕಿ ಕಂಪ್ಯೂಟರ್ ಶುರು ಮಾಡಿದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಮುಗಿದಿದೆ. ಬಸವನಗುಡಿಯ ನಿವೃತ್ತ ಶಿಕ್ಷಕರೊಬ್ಬರ ಮನೆಯಲ್ಲಿ ಅಪ್‌ಡೇಟ್ ಒಂದೂ ಇಳಿಯುತ್ತಿಲ್ಲ, ಬ್ಯಾಂಕಿನ ಪುಟ ತೆರೆಯುತ್ತಿಲ್ಲ ಎಂದು ಕರೆದಿದ್ದರು. ನಾನು ನೆಟ್‌ವರ್ಕ್, ಆಂಟಿವೈರಸ್, ಅಪ್‌ಡೇಟ್ ಸೇವೆ ಎಲ್ಲವನ್ನೂ ಜಾಲಾಡಿ ಒಂದು ಮಧ್ಯಾಹ್ನ ಕಳೆದ ಮೇಲೆ, ಪರದೆಯ ಬಲ ಮೂಲೆಯಲ್ಲಿ ವರ್ಷ ತಪ್ಪಿರುವುದನ್ನು ಕಾಫಿ ತಂದ ಅವರ ಮನೆಯವರು ತೋರಿಸಿದರು. ತಾರೀಖು ತಪ್ಪಿದರೆ ಭದ್ರತಾ ಪ್ರಮಾಣಪತ್ರಗಳು ಅಮಾನ್ಯವಾಗಿ ಕಾಣುತ್ತವೆ, ಸುರಕ್ಷಿತ ಸಂಪರ್ಕಗಳೆಲ್ಲ ಮುರಿದು ಬೀಳುತ್ತವೆ. ಸಿಆರ್2032 ಎಂಬ ಆ ಬ್ಯಾಟರಿ ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಮುಗಿದರೆ ಬಯೋಸಿನ ಸೆಟ್ಟಿಂಗುಗಳೂ ಮೂಲ ಸ್ಥಿತಿಗೆ ಹೋಗಿ, ಡಿಸ್ಕ್ ನಿಯಂತ್ರಕ ಎಎಚ್‌ಸಿಐ ಎಂಬ ಕ್ರಮದ ಬದಲು ಐಡಿಇ ಎಂಬ ಹಳೆಯ ಕ್ರಮಕ್ಕೆ ಮರಳಬಹುದು. ಆಗಲೂ ವಿಂಡೋಸ್ ಎದ್ದೇಳದೆ ನಿಲ್ಲುತ್ತದೆ.

ದೂಳಿನ ವಿಷಯವನ್ನೂ ಹೇಳಬೇಕು. ಅಪ್‌ಗ್ರೇಡ್ ನಡೆಯುವಾಗ ಪ್ರೊಸೆಸರ್ ಬಹಳ ಹೊತ್ತು ಪೂರ್ತಿ ದುಡಿಯುತ್ತದೆ. ರಸ್ತೆಗೆ ತೆರೆದುಕೊಂಡ ನಿಮ್ಮಂಥ ಅಂಗಡಿಗಳಲ್ಲಿ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ದೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ, ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಟೈಪಿಂಗ್ ಮಾಡುವಾಗ ತೊಂದರೆ ಕೊಡದ ಯಂತ್ರ ಅಪ್‌ಗ್ರೇಡಿನ ನಡುವೆ ಕಾದು ತಾನೇ ಆಫ್ ಆಗುವುದು ಹೀಗೆ. ಕ್ಯಾಬಿನೆಟ್ ಬಿಚ್ಚಿಸಿ ಚೊಕ್ಕ ಮಾಡಿಸಿ, ಪೇಸ್ಟ್ ಹೊಸದಾಗಿ ಹಚ್ಚಿಸಿ. ಯುಪಿಎಸ್ ಬ್ಯಾಟರಿ ಎಷ್ಟು ಹಳೆಯದು ಎಂದೂ ನೋಡಿ. ಮಳೆಗಾಲದ ಸಂಜೆ ನಮ್ಮ ಬಡಾವಣೆಗಳಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ. ಎರಡು ನಿಮಿಷವೂ ತಡೆಯದ ಯುಪಿಎಸ್ ನಂಬಿ ಅಪ್‌ಗ್ರೇಡಿಗೆ ಕೈ ಹಾಕಬಾರದು.

ಇಷ್ಟಾದ ಮೇಲೆ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್, ಪೆನ್ ಡ್ರೈವ್ ಎಲ್ಲವನ್ನೂ ಕಳಚಿ ಕೀಬೋರ್ಡ್ ಮತ್ತು ಮೌಸ್ ಮಾತ್ರ ಉಳಿಸಿ, ಹೊರಗಿನ ಆಂಟಿವೈರಸ್ ಇದ್ದರೆ ಪೂರ್ತಿ ತೆಗೆದು, ಮದರ್‌ಬೋರ್ಡ್ ತಯಾರಕರು ಕೊಟ್ಟ ಕೊನೆಯ ಬಯೋಸ್ ಹಾಕಿಸಿ ಮತ್ತೆ ಪ್ರಯತ್ನಿಸಿದರೆ 20017 ಬಹುತೇಕ ಬಾರದೆ ಹೋಗಬಹುದು. ಆದರೂ ಬಂದರೆ ಮೈಕ್ರೋಸಾಫ್ಟಿನದೇ ಸೆಟಪ್‌ಡಯಾಗ್ ಎಂಬ ಸಾಧನ ಕಾರಣವನ್ನು ಹುಡುಕಿಕೊಡುತ್ತದೆ. ಅಪ್‌ಗ್ರೇಡ್ ಸೋತಾಗ ಅದು ತಾನೇ ಓಡಿ, ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲಿ ಲಾಗ್ಸ್ ಎಂಬುದರ ಒಳಗೆ ತನ್ನದೇ ಹೆಸರಿನ ಫೋಲ್ಡರಿನಲ್ಲಿ ಫಲಿತಾಂಶ ಬರೆದಿಡುತ್ತದೆ. ಬೇರೆ ಓದುಗರಿಗೆ ಬೇರೆ ಸಂಖ್ಯೆಗಳು ಬಂದಿರಬಹುದು. 80070070 ಎಂದರೆ ಡಿಸ್ಕಿನಲ್ಲಿ ಜಾಗ ಸಾಲದು. ಸಿ1900208 ಎಂದರೆ ಹೊಂದದ ತಂತ್ರಾಂಶವೊಂದು ಅಡ್ಡ ನಿಂತಿದೆ. ಸಿ1900200 ಬಂದರೆ ಯಂತ್ರಕ್ಕೆ ಕನಿಷ್ಠ ಅರ್ಹತೆ ಇಲ್ಲ. 800ಎಫ್0922 ಅಥವಾ ಸಿ1900104 ಬಂದು, ವಿಂಡೋಸ್ 7ರ ಕಾಲದಲ್ಲಿ ಮಾಡಿದ 100 ಎಂಬಿಯ ‘ಸಿಸ್ಟಮ್ ರಿಸರ್ವ್ಡ್’ ಭಾಗ ನಿಮ್ಮ ಡಿಸ್ಕಿನಲ್ಲಿದ್ದರೆ, ಅದು ತುಂಬಿಹೋಗಿದೆ ಎಂದು ಮೊದಲು ಅನುಮಾನಿಸಿ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ದೋಷ ಸರಿಹೋಗುತ್ತದೆ ಎಂದೇ ಇಟ್ಟುಕೊಂಡರೂ ನಿಮ್ಮ ಯಂತ್ರಕ್ಕೆ ವಿಂಡೋಸ್ 11 ಹಾಕಬೇಕೆ? ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. 2021ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ಕ್ಕೆ ಟಿಪಿಎಂ 2.0 ಭದ್ರತಾ ಘಟಕ, ಯುಇಎಫ್‌ಐ (ಬಯೋಸಿನ ಹೊಸ ರೂಪ) ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಪ್ರೊಸೆಸರುಗಳಲ್ಲಿ, ಕೆಲವೇ ಅಪವಾದ ಬಿಟ್ಟರೆ, ಎಂಟನೆಯ ತಲೆಮಾರಿನಿಂದ ಈಚಿನವು ಮಾತ್ರ ಅದರ ಪಟ್ಟಿಯಲ್ಲಿವೆ. ನಿಮ್ಮ ಐ3-4130ರಲ್ಲಿ ಗೆರೆಯ ನಂತರದ ಮೊದಲ ಅಂಕಿ ನಾಲ್ಕು, ಅಂದರೆ ನಾಲ್ಕನೆಯ ತಲೆಮಾರು. ಪಟ್ಟಿಗೂ ನಿಮಗೂ ನಾಲ್ಕು ತಲೆಮಾರುಗಳ ಅಂತರವಿದೆ. ಬೈಪಾಸ್ ಮಾಡಿದರೆ ಈ ಪ್ರೊಸೆಸರಿನ ಮೇಲೆ ಅದು ನಡೆಯುತ್ತದೆ, ಇಲ್ಲವೆನ್ನುವುದಿಲ್ಲ. 2024ರಲ್ಲಿ ಬಂದ 24ಎಚ್2 ಆವೃತ್ತಿಯಿಂದ ಪಾಪ್‌ಕೌಂಟ್ ಮತ್ತು ಎಸ್‌ಎಸ್‌ಇ 4.2 ಎಂಬ ಸೂಚನೆಗಳಿಲ್ಲದ ಪ್ರೊಸೆಸರಿನಲ್ಲಿ ವಿಂಡೋಸ್ ಎದ್ದೇಳುವುದೇ ಇಲ್ಲ. ಕೋರ್ 2 ಡ್ಯುಯೋ ಇಟ್ಟುಕೊಂಡವರಿಗೆ ಆ ಬಾಗಿಲು ಮುಚ್ಚಿದೆ, ನಿಮ್ಮದಕ್ಕೆ ಮುಚ್ಚಿಲ್ಲ. ಆದರೆ ಅರ್ಹತೆ ಇಲ್ಲದ ಯಂತ್ರಕ್ಕೆ ಅಪ್‌ಡೇಟ್ ಸಿಗುತ್ತದೆಂಬ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ತಾನಾಗಿ ಬರದೆ ಪ್ರತಿ ಸಲವೂ ಇದೇ ಬೈಪಾಸ್ ಕಸರತ್ತು ಮಾಡಬೇಕಾಗುತ್ತದೆ. ಮನೆಯಲ್ಲಿ ಪ್ರಯೋಗಕ್ಕೆ ಇಟ್ಟುಕೊಂಡ ಯಂತ್ರವಾದರೆ ಮಾಡಿ ನೋಡಬಹುದು. ನಾಡಿದ್ದು ಮುದ್ರಣಕ್ಕೆ ಹೋಗಬೇಕಾದ ಲಗ್ನಪತ್ರಿಕೆ ಯಾವ ಯಂತ್ರದಲ್ಲಿದೆಯೋ ಅದರ ಮೇಲೆ ಇಂಥ ಪ್ರಯೋಗ ಮಾಡುವುದನ್ನು ನಾನು ಒಪ್ಪಲಾರೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದು ನಿಜ. ಆದರೆ ನಿಮ್ಮಂಥವರಿಗಾಗಿ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ ಇದೆ, ಅದು 2026ರ ಅಕ್ಟೋಬರ್ 13ರವರೆಗೆ ನಡೆಯುತ್ತದೆ. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು, ಮೈಕ್ರೋಸಾಫ್ಟ್ ಖಾತೆಯೊಂದು ಬೇಕು, ಯಂತ್ರ ಯಾವುದೇ ಕಚೇರಿಯ ಡೊಮೈನಿಗೆ ಸೇರಿರಬಾರದು. ಸೆಟ್ಟಿಂಗ್ಸ್ ತೆರೆದು ‘ಅಪ್‌ಡೇಟ್ ಅಂಡ್ ಸೆಕ್ಯೂರಿಟಿ’ಯಲ್ಲಿ ವಿಂಡೋಸ್ ಅಪ್‌ಡೇಟ್ ಪುಟಕ್ಕೆ ಹೋದರೆ ನೋಂದಣಿಯ ಕೊಂಡಿ ಕಾಣುತ್ತದೆ. ಸೆಟ್ಟಿಂಗುಗಳನ್ನು ವಿಂಡೋಸ್ ಬ್ಯಾಕಪ್ ಮೂಲಕ ಖಾತೆಗೆ ಸಿಂಕ್ ಮಾಡಲು ಒಪ್ಪಿದರೆ ಹಣ ಕೊಡಬೇಕಾಗಿಲ್ಲ. ಒಪ್ಪದವರು 30 ಡಾಲರ್ ಅಥವಾ ಅದಕ್ಕೆ ಸಮನಾದ ಮೊತ್ತ ಕೊಟ್ಟು, ಇಲ್ಲವೇ 1000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಅಂಕ ಕೊಟ್ಟು ಸೇರಬಹುದು. ಇದರಿಂದ ಬರುವುದು ಭದ್ರತಾ ತಿದ್ದುಪಡಿಗಳು ಮಾತ್ರ, ಹೊಸ ಸೌಲಭ್ಯಗಳಲ್ಲ. ನಿಮಗೆ ಬೇಕಿರುವುದೂ ಅಷ್ಟೇ. ಒಳಗಿನ ಡಿಫೆಂಡರ್ ಆಂಟಿವೈರಸ್ಸಿನ ವೈರಸ್ ಮಾಹಿತಿ 2028ರ ಅಕ್ಟೋಬರಿನವರೆಗೂ ಬರುತ್ತದೆ. ಹಾಗೆಂದು ಅದೊಂದೇ ಸಾಕೆಂದು ಭಾವಿಸಬಾರದು, ಏಕೆಂದರೆ ವಿಂಡೋಸಿನ ಬಿರುಕುಗಳನ್ನು ಮುಚ್ಚುವ ಕೆಲಸ ಆಂಟಿವೈರಸ್ಸಿನದಲ್ಲ.

ಯಂತ್ರ ನಿಧಾನವಾಗಿದೆಯೇ ಎಂದು ನೀವು ಬರೆದಿಲ್ಲ, ಆದರೆ 4 ಜಿಬಿ ರ‍್ಯಾಮ್ ಮತ್ತು ತಿರುಗುವ ಡಿಸ್ಕಿನ ಮೇಲೆ ವಿಂಡೋಸ್ 10 ತೆವಳುತ್ತಿರಲೇಬೇಕು. ವಿಂಡೋಸ್ 11ಕ್ಕಾಗಿ ಖರ್ಚು ಮಾಡುವ ಬದಲು ಸಾಟಾ ಕನೆಕ್ಷನ್ನಿನ ಎರಡೂವರೆ ಇಂಚಿನ ಒಂದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಮತ್ತು 4 ಜಿಬಿಯ ಇನ್ನೊಂದು ಡಿಡಿಆರ್3 ರ‍್ಯಾಮ್ ಹಾಕಿಸಿ. ಸಾದರ ಪತ್ರಪ್ಪ ರಸ್ತೆಯ, ನಾವೆಲ್ಲ ಎಸ್‌ಪಿ ರೋಡ್ ಎನ್ನುವ ಬೀದಿಯ ಅಂಗಡಿಗಳಲ್ಲಿ ಎರಡೂ ಸಿಗುತ್ತವೆ. ಹೋಗುವಾಗ ನಿಮ್ಮ ಈಗಿನ ರ‍್ಯಾಮ್ ಪಟ್ಟಿಯ ಮೇಲಿನ ಬರಹದ ಫೋಟೋ ತೆಗೆದುಕೊಂಡು ಹೋಗಿ, ಬಿಲ್ಲು ಮತ್ತು ವಾರಂಟಿ ಇಲ್ಲದ ಎಸ್‌ಎಸ್‌ಡಿ ಕೊಳ್ಳಬೇಡಿ. ಇದೇ ವಯಸ್ಸಿನ ಲ್ಯಾಪ್‌ಟಾಪ್ ಇರುವವರು ಒಂದು ಎಚ್ಚರ ವಹಿಸಬೇಕು. ನಾಲ್ಕನೆಯ ತಲೆಮಾರಿನ ಲ್ಯಾಪ್‌ಟಾಪುಗಳು ಕೇಳುವುದು 1.35 ವೋಲ್ಟಿನ ಡಿಡಿಆರ್3ಎಲ್, 1.5 ವೋಲ್ಟಿನ ಸಾಮಾನ್ಯ ಡಿಡಿಆರ್3 ತಂದು ಹಾಕಿದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ.

ಹಳೆಯ ಡಿಸ್ಕಿನಲ್ಲಿರುವುದನ್ನು ಹಾಗೆಯೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿಸಬಹುದು. ಕ್ಲೋನ್ ಆದ ಮೇಲೆ ಹಳೆಯ ಡಿಸ್ಕನ್ನು ಡೇಟಾ ಇಡಲು ಅಲ್ಲೇ ಬಿಡೋಣ ಎಂದು ಅಂಗಡಿಯವರು ಹೇಳುತ್ತಾರೆ, ಒಪ್ಪಬೇಡಿ. ಅದನ್ನು ಬಿಚ್ಚಿಸಿ, ಮೇಲೆ ತಾರೀಖು ಬರೆದ ಚೀಟಿ ಅಂಟಿಸಿ, ಬೀರುವಿನಲ್ಲಿ ಇಡಿ. ನಿಮ್ಮ ಫಾಂಟು, ಸೆಟ್ಟಿಂಗು, ಕಡತಗಳೆಲ್ಲ ಇದ್ದ ಹಾಗೆ ಉಳಿದ ಪ್ರತಿಯೊಂದು ನಿಮ್ಮ ಬಳಿ ಇರುತ್ತದೆ.

ನಿಮಗಿಂತ ಹೊಸ ಯಂತ್ರವಿದ್ದೂ ‘ಅರ್ಹತೆ ಇಲ್ಲ’ ಎಂದು ತೋರಿಸುತ್ತಿರುವ ಓದುಗರಿಗೂ ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎಂಟನೆಯ ತಲೆಮಾರು ಅಥವಾ ಈಚಿನ ಪ್ರೊಸೆಸರ್ ಇದ್ದರೆ ಟಿಪಿಎಂ ಬಹುಶಃ ಬಯೋಸಿನಲ್ಲಿ ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಅದು ಸಿಗುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಬಯೋಸ್ ಮುಟ್ಟುವ ಮೊದಲು ಅದನ್ನು ತಡೆಹಿಡಿದು, ರಿಕವರಿ ಕೀ ಬರೆದಿಟ್ಟುಕೊಳ್ಳಿ. ಡಿಸ್ಕನ್ನು ಭಾಗ ಮಾಡಿರುವುದು ಎಂಬಿಆರ್ ಎಂಬ ಹಳೆಯ ಮಾದರಿಯಲ್ಲಾದರೆ ಬಯೋಸಿನಲ್ಲಿ ಲೆಗಸಿ ಎಂಬ ಹಳೆಯ ಕ್ರಮದಿಂದ ಯುಇಎಫ್‌ಐಗೆ ಸುಮ್ಮನೆ ಬದಲಿಸಿದ ಕೂಡಲೇ ವಿಂಡೋಸ್ ಕಾಣೆಯಾಗುತ್ತದೆ. ಮೊದಲು ವಿಂಡೋಸಿನದೇ ಎಂಬಿಆರ್2ಜಿಪಿಟಿ ಆದೇಶದಿಂದ ಡಿಸ್ಕನ್ನು ಪರಿವರ್ತಿಸಬೇಕು. ನಮ್ಮಲ್ಲಿ ಅದು ಸೋಲುವುದಕ್ಕೆ ಒಂದು ವಿಶೇಷ ಕಾರಣವಿದೆ. ಡಿಸ್ಕನ್ನು ಸಿ, ಡಿ, ಇ, ಎಫ್ ಎಂದು ಹೋಳು ಮಾಡಿಕೊಡುವುದು ನಮ್ಮ ಅಂಗಡಿಗಳ ಹಳೆಯ ರೂಢಿ. ಆದರೆ ಈ ಆದೇಶ ಮೂರಕ್ಕಿಂತ ಹೆಚ್ಚು ಪ್ರೈಮರಿ ಭಾಗಗಳಿದ್ದರೂ ಒಪ್ಪುವುದಿಲ್ಲ, ಎಕ್ಸ್‌ಟೆಂಡೆಡ್ ಮತ್ತು ಲಾಜಿಕಲ್ ಭಾಗಗಳಿದ್ದರೂ ಒಪ್ಪುವುದಿಲ್ಲ. ಕೊನೆಯ ಭಾಗಗಳ ಕಡತಗಳನ್ನು ಹೊರಗೆ ನಕಲು ಮಾಡಿ, ಆ ಭಾಗಗಳನ್ನು ಅಳಿಸಿದ ಮೇಲೆ ಅದು ನಡೆಯುತ್ತದೆ.

ಇನ್ನು ಪೇಜ್‌ಮೇಕರಿನಲ್ಲಿ ಕನ್ನಡ ಮೂಡದ ತೊಂದರೆ. ಇದು ಅಪ್‌ಗ್ರೇಡ್ ಸೋತದ್ದರಿಂದ ಬಂದದ್ದಲ್ಲ ಎಂದು ನನಗೆ ಅನ್ನಿಸುತ್ತದೆ. ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ, ಅದೇ ಅದರ ಕೊನೆಯ ಆವೃತ್ತಿ. ಹೊಸ ವಿಂಡೋಸಿನಲ್ಲಿ ಅದು ತಕರಾರು ಮಾಡಿದಾಗ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ಟಿಕ್ ಹಾಕಿಕೊಡುವುದು ರಿಪೇರಿಯವರ ವಾಡಿಕೆ. ನಿಮ್ಮ ಹುಡುಗನೂ ಅದನ್ನೇ ಮಾಡಿರಬೇಕು. ನುಡಿ ಕೆಲಸ ಮಾಡುವುದು ನೀವು ಒತ್ತಿದ ಕೀಲಿಯನ್ನು ನಡುದಾರಿಯಲ್ಲಿ ಹಿಡಿದು, ಅದರ ಬದಲು ಕನ್ನಡದ ಸಂಕೇತವನ್ನು ಮುಂದಕ್ಕೆ ಕಳುಹಿಸುವುದರ ಮೂಲಕ. ವಿಸ್ತಾ ಆವೃತ್ತಿಯ ಕಾಲದಿಂದ ವಿಂಡೋಸಿನಲ್ಲಿ ಒಂದು ಭದ್ರತಾ ನಿಯಮವಿದೆ: ಸಾಮಾನ್ಯ ಅಧಿಕಾರದಲ್ಲಿ ನಡೆಯುವ ತಂತ್ರಾಂಶ, ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಯುವ ತಂತ್ರಾಂಶದ ಕೀಲಿಗಳಿಗೆ ಕೈ ಹಾಕುವಂತಿಲ್ಲ. ಹಾಗಾಗಿ ನೋಟ್‌ಪ್ಯಾಡಿನಲ್ಲಿ ಕನ್ನಡ, ಪೇಜ್‌ಮೇಕರಿನಲ್ಲಿ ಇಂಗ್ಲಿಷ್. ಪೇಜ್‌ಮೇಕರಿನ ಐಕಾನ್ ಮೇಲೆ ಬಲ ಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟದಲ್ಲಿ ಆ ಟಿಕ್ ಇದೆಯೇ ನೋಡಿ. ಟಿಕ್ ತೆಗೆದ ಮೇಲೂ ಪೇಜ್‌ಮೇಕರ್ ಸರಿಯಾಗಿ ತೆರೆದರೆ ಹಾಗೆಯೇ ಬಿಡಿ. ತೆರೆಯದಿದ್ದರೆ ಟಿಕ್ ಮರಳಿ ಹಾಕಿ, ನುಡಿಗೂ ಅದೇ ಟಿಕ್ ಹಾಕಿ, ನುಡಿಯನ್ನು ಮುಚ್ಚಿ ಮತ್ತೆ ಶುರು ಮಾಡಿ. ಇಬ್ಬರೂ ಒಂದೇ ಅಧಿಕಾರದಲ್ಲಿದ್ದರೆ ಕನ್ನಡ ಮೂಡುತ್ತದೆ.

ಯೂನಿಕೋಡಿನಲ್ಲಿ, ಅಂದರೆ ಕಡತದೊಳಗೂ ನಿಜವಾದ ಕನ್ನಡ ಅಕ್ಷರಗಳೇ ಇರುವ ಕ್ರಮದಲ್ಲಿ, ಬರೆದ ಕಡತಗಳೂ ನಿಮ್ಮಲ್ಲಿದ್ದು, ಅವುಗಳ ಸಾಲುಗಳು ಮುಂದೆಂದಾದರೂ ಹೊಸ ಯಂತ್ರದಲ್ಲಿ ಅಡ್ಡಾದಿಡ್ಡಿಯಾಗಿ ಮುರಿದರೆ ‘ತುಂಗಾ’ ಫಾಂಟ್ ಇದೆಯೇ ನೋಡಿ. ವಿಂಡೋಸ್ 7ರಲ್ಲಿ ಅದು ಜೊತೆಗೇ ಬರುತ್ತಿತ್ತು. ವಿಂಡೋಸ್ 8ರಿಂದ ಕನ್ನಡಕ್ಕೆ ನಿರ್ಮಲಾ ಯುಐ ಎಂಬ ಫಾಂಟ್ ಮುಂದೆ ಬಂದು, ವಿಂಡೋಸ್ 10ರಿಂದ ತುಂಗಾ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸೇರಿದೆ. ಸೆಟ್ಟಿಂಗ್ಸ್‌ನಲ್ಲಿ ‘ಆಪ್ಷನಲ್ ಫೀಚರ್ಸ್’ ತೆರೆದು ಕನ್ನಡದ ಪೂರಕ ಫಾಂಟುಗಳನ್ನು ಆರಿಸಿದರೆ ಅದು ಬಂದು ಕೂರುತ್ತದೆ.

2026ರ ಅಕ್ಟೋಬರ್ ನಂತರ ಏನು ಮಾಡಬೇಕು ಎಂದು ನೀವು ಕೇಳುವುದು ಸಹಜ. ನನ್ನ ಸಲಹೆ ಕೆಲಸವನ್ನು ಎರಡು ಯಂತ್ರಗಳಿಗೆ ಹಂಚುವುದು. ಈಗಿನದು ಎಸ್‌ಎಸ್‌ಡಿಯ ಜೊತೆ ಪೇಜ್‌ಮೇಕರ್, ನುಡಿ, ಪ್ರಿಂಟರ್ ನೋಡಿಕೊಂಡು ಇಂಟರ್‌ನೆಟ್ ಇಲ್ಲದೆ ಇರಲಿ. ವಾಟ್ಸ್‌ಆ್ಯಪ್, ಇಮೇಲ್, ಬ್ಯಾಂಕ್, ಜಿಎಸ್‌ಟಿಗೆ ಇನ್ನೊಂದು ಇರಲಿ. ಕಚೇರಿಗಳು ಬಳಸಿ ಮಾರಿದ, ಎಂಟನೆಯ ತಲೆಮಾರು ಅಥವಾ ಮೇಲಿನ ಪ್ರೊಸೆಸರ್ ಇರುವ ರಿಫರ್ಬಿಷ್ಡ್ ಡೆಸ್ಕ್‌ಟಾಪ್ ಆದರೂ ಸಾಕು; ಅಂಗಡಿಯಲ್ಲೇ ಆನ್ ಮಾಡಿಸಿ, ಟಿಪಿಎಂ 2.0 ಇದೆಯೇ, ವಿಂಡೋಸ್ 11 ಬೈಪಾಸ್ ಇಲ್ಲದೆ ಕೂತಿದೆಯೇ ಎಂದು ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಓಡಿಸಿ ನೋಡಿಕೊಳ್ಳಿ. ಮನೆಯಲ್ಲಿ ಬೇರೊಂದು ಹಳೆಯ ಕಂಪ್ಯೂಟರ್ ಇದ್ದರೆ ವಿಂಡೋಸಿನ ಬದಲು ಅದಕ್ಕೆ ಲಿನಕ್ಸ್ ಮಿಂಟ್ ಎಂಬ ಉಚಿತ ವ್ಯವಸ್ಥೆ ಹಾಕಿಯೂ ಈ ಎರಡನೆಯ ಕೆಲಸ ಬಹುಪಾಲು ನಡೆಸಬಹುದು. ಅದರಲ್ಲಿ ನುಡಿಯಲ್ಲಿ ಬಳಸುವ ಕಗಪ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ, ನಿಮ್ಮ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗುವುದಿಲ್ಲ. ಆದರೆ ಡಿಜಿಟಲ್ ಸಹಿಯ ಟೋಕನ್ ಅಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಬೇಕು. ಗಿರಾಕಿಗಳು ತರುವ ಪೆನ್ ಡ್ರೈವುಗಳನ್ನು ಮೊದಲು ಈ ಎರಡನೆಯ ಯಂತ್ರದಲ್ಲಿ ತೆರೆದು ಪರೀಕ್ಷಿಸಿ, ಬೇಕಾದ ಕಡತವನ್ನು ನಿಮ್ಮದೇ ಪೆನ್ ಡ್ರೈವಿನಲ್ಲಿ ಆ ಕಡೆಗೆ ಒಯ್ಯಿರಿ.

ಹಳೆಯ ನುಡಿ ಕಡತಗಳಲ್ಲಿ ಮತ್ತೆ ಮತ್ತೆ ಬೇಕಾಗುವ ಒಕ್ಕಣೆಗಳನ್ನು, ಅಂದರೆ ಲಗ್ನಪತ್ರಿಕೆಯ ಸಿದ್ಧ ಸಾಲುಗಳು, ದೇವರ ಸ್ತುತಿಗಳು, ಖಾಯಂ ಗಿರಾಕಿಗಳ ವಿವರಗಳು ಇವನ್ನು, ನುಡಿಯ ಜೊತೆಗೇ ಬರುವ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿ ಇಟ್ಟುಕೊಳ್ಳಲು ಈಗಿನಿಂದಲೇ ಶುರು ಮಾಡಿ. ಬದಲಿಸಿದ ಮೇಲೆ ಅರ್ಕಾವೊತ್ತು ಮತ್ತು ಅಂಕಿಗಳಿರುವ ಸಾಲುಗಳನ್ನು ಕಣ್ಣಿಟ್ಟು ಓದಬೇಕು. ಮುಹೂರ್ತದ ಗಂಟೆ ತಪ್ಪಿದರೆ ಗಿರಾಕಿಗೆ ಉತ್ತರ ಕೊಡಬೇಕಾದವರು ನೀವು. ಬ್ಯಾಕಪ್ಪನ್ನು ಈ ವಾರವೇ ಮುಗಿಸಿ. ಡಿಸ್ಕ್ ಬದಲಿಸುವುದು, ಕ್ಲೋನ್ ಮಾಡಿಸುವುದು ಮುಂತಾದ ಅಂಗಡಿ ಮುಚ್ಚಬೇಕಾದ ಕೆಲಸಗಳನ್ನು, ಡಿಸ್ಕ್ ಹಳದಿ ತೋರಿಸದಿದ್ದರೆ, ಲಗ್ನಪತ್ರಿಕೆಯ ಗಡಿಬಿಡಿ ಇಲ್ಲದ ಆಷಾಢಕ್ಕೆ ಇಟ್ಟುಕೊಳ್ಳಿ. ಹಳದಿ ತೋರಿಸಿದರೆ ಆಷಾಢಕ್ಕೆ ಕಾಯದೆ, ಆ ಡಿಸ್ಕಿನ ಫೋಟೋ ಮತ್ತು ಸಿ5 ಸಾಲಿನಲ್ಲಿರುವ ಸಂಖ್ಯೆಯನ್ನು ನನಗೆ ಬರೆದು ಕಳುಹಿಸಿ.